ಫೇವಾ ಸರೋವರದ ದಡದಲ್ಲಿ ನಾಲ್ಕು ದಿನ: ವ್ಯರ್ಥವೆಂದವರಿಗೆ ಒಂದು ಉತ್ತರ



ನೇಪಾಳದಿಂದ ಹಿಂದಿರುಗಿದ ಮೇಲೆ ನನ್ನನ್ನು ಕಾಣಲು ಬಂದವರ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿತ್ತು: "ಸಾರ್, ಏನೇನು ಕವರ್ ಮಾಡಿದಿರಿ?" ಪೋಖರಾ ಎಂಬ ಊರಿನಲ್ಲಿ, ಫೇವಾ ಸರೋವರದ ದಡದಲ್ಲಿ, ನಾಲ್ಕು ದಿನ ಎಲ್ಲಿಗೂ ಓಡದೆ ಉಳಿದುಕೊಂಡಿದ್ದೆ ಎಂದು ನಾನು ಹೇಳಿದಾಗ ಅವರ ಮುಖದಲ್ಲಿ ಮೂಡುತ್ತಿದ್ದುದು ಮರುಕ. ಈಗ ಬ್ಯಾಂಕಿನಲ್ಲಿ ದೊಡ್ಡ ಅಧಿಕಾರಿಯಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಬೆರಳು ಮಡಿಸಿ ಲೆಕ್ಕವನ್ನೇ ಹಾಕಿದ: "ನಾಲ್ಕು ದಿನದಲ್ಲಿ ಮುಕ್ತಿನಾಥ, ಮನಕಾಮನ, ಲುಂಬಿನಿ ಮೂರನ್ನೂ ಮುಗಿಸಬಹುದಿತ್ತಲ್ಲ ಸಾರ್!" ನನ್ನ ತಮ್ಮನ ಹೆಂಡತಿಯ ಪ್ರಶ್ನೆ ಇದಕ್ಕಿಂತ ಹರಿತವಾದುದು: "ಭಾವ, ಸುಮ್ಮನೆ ಕೂರುವುದಕ್ಕೆ ಅಷ್ಟು ದೂರ ಹೋಗಬೇಕಿತ್ತೇ? ನಮ್ಮೂರ ಕೆರೆ ಏರಿ ಎಲ್ಲಿಗೆ ಹೋಗಿತ್ತು?"

ಇಬ್ಬರಿಗೂ ಬಾಯಿಮಾತಿನಲ್ಲಿ ಉತ್ತರಿಸಿ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆಗಳ ಹಿಂದೆ ಇರುವ ನಂಬಿಕೆಯೊಂದು ನಮ್ಮ ಮನೆಮನೆಗಳಲ್ಲಿ ಬೇರೂರಿದೆ. ಪ್ರವಾಸವೆಂದರೆ ಸ್ಥಳಗಳ ಪಟ್ಟಿ, ಆ ಪಟ್ಟಿಯಲ್ಲಿ ನಿಲ್ಲುವುದು ನಷ್ಟ ಎಂಬುದೇ ಆ ನಂಬಿಕೆ. ಅದು ತಪ್ಪು, ಅಷ್ಟೇ ಅಲ್ಲ, ಹಾನಿಕರ ಕೂಡ ಎಂಬುದು ನನ್ನ ವಾದ. ಸ್ವಲ್ಪ ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ಮೊದಲು ಪ್ರವಾಸದ ವಿವರವನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2023ರ ನವೆಂಬರಿನಲ್ಲಿ ನಾನು ಮತ್ತು ನನ್ನ ಸೋದರಳಿಯ ಬೆನ್ನಿಗೆ ಒಂದೊಂದು ಚೀಲ ಹೊತ್ತು ಹೊರಟೆವು. ಯಶವಂತಪುರದಿಂದ ಗೋರಖಪುರಕ್ಕೆ ರೈಲು, ಅಲ್ಲಿಂದ ಸುನೌಲಿಗೆ ಬಸ್ಸು. ಗಡಿಯನ್ನು ನಡೆದೇ ದಾಟಿದೆವು. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ, ಮತದಾರರ ಗುರುತಿನ ಚೀಟಿ ಸಾಕು. ನಮ್ಮ ನೂರು ರೂಪಾಯಿಗೆ ಅವರ ನೂರ ಅರವತ್ತು. 1993ರಿಂದ ಈ ದರ ಬದಲಾಗಿಲ್ಲ. ಗಡಿಯಿಂದ ಪೋಖರಾಕ್ಕೆ ಬೆಟ್ಟದ ದಾರಿಯಲ್ಲಿ ಒಂದು ಇಡೀ ಹಗಲಿನ ಬಸ್ ಪ್ರಯಾಣ. ಮುಂದೆ ಕಾಠ್ಮಂಡುವಿಗೆ ಹೋಗುವ ಮೊದಲು ಇಲ್ಲಿ ತಂಗುವುದೆಂದು ಹೊರಡುವಾಗಲೇ ನಿಶ್ಚಯಿಸಿದ್ದೆವು.

ಇನ್ನು ಆ 'ಕವರ್' ಎಂಬ ಪದಕ್ಕೆ ಬರೋಣ. ಅದರೊಡನೆ ನನ್ನದು ಹಳೆಯ ಜಗಳ. ಶಾಲೆಯಲ್ಲಿದ್ದಷ್ಟು ಕಾಲವೂ ಅದು ನನ್ನ ಬೆನ್ನು ಹತ್ತಿತ್ತು. ತಪಾಸಣೆಗೆ ಬಂದವರು "ಪೋರ್ಷನ್ ಎಷ್ಟು ಕವರ್ ಆಗಿದೆ?" ಎಂದು ಕೇಳುತ್ತಿದ್ದರು, ಮಕ್ಕಳಿಗೆ ಎಷ್ಟು ತಿಳಿದಿದೆ ಎಂದು ಕೇಳಿದವರು ಅಪರೂಪ. ಡಿಸೆಂಬರಿನೊಳಗೆ ಪಠ್ಯಪುಸ್ತಕ ಮುಗಿಯಬೇಕು, ಜನವರಿಯಿಂದ ಪುನರಾವರ್ತನೆ. ಪದ್ಯದ ಯಾವುದೋ ಒಂದು ಸಾಲಿನ ಮುಂದೆ ತರಗತಿ ತಾನಾಗಿ ನಿಂತು, ಹಿಂದಿನ ಬೆಂಚಿನ ಹುಡುಗ ಮೊದಲ ಬಾರಿಗೆ ಕೈ ಎತ್ತಿದರೆ, ಆ ಅರ್ಧ ಗಂಟೆ ದಾಖಲೆ ಪುಸ್ತಕದಲ್ಲಿ ನಷ್ಟದ ಖಾತೆಗೆ ಸೇರುತ್ತಿತ್ತು. ಈ ಬರಹ ಓದುತ್ತಿರುವ ನಿಮ್ಮಲ್ಲಿ ಅನೇಕರು ನನ್ನನ್ನು ಇಂದಿಗೂ ನೆನೆಯುವುದು ಅಂಥ ನಷ್ಟದ ಗಂಟೆಗಳಿಗಾಗಿಯೇ. ಇಂಗ್ಲಿಷಿನಲ್ಲಿ ಆ ಪದಕ್ಕೆ 'ಮುಚ್ಚುವುದು' ಎಂಬ ಅರ್ಥವೂ ಉಂಟು. ಪಾಠವನ್ನಾಗಲಿ ಊರನ್ನಾಗಲಿ ಕವರ್ ಮಾಡುವವರು ನಿಜಕ್ಕೂ ಮಾಡುವುದು ಅದನ್ನೇ.

ಇದರ ಒಂದು ಉದಾಹರಣೆ ಪೋಖರಾದಲ್ಲಿಯೇ ಕಣ್ಣಿಗೆ ಬಿತ್ತು. ನಾವು ತಂಗಿದ್ದ ಬೀದಿಗೆ ಒಂದು ಸಂಜೆ ನಮ್ಮ ಕಡೆಯವರೇ ತುಂಬಿದ್ದ ಬಸ್ಸೊಂದು ಬಂದು ನಿಂತಿತು. ಹೆಚ್ಚಿನವರು ಅರವತ್ತು ದಾಟಿದವರು. ಮಕ್ಕಳು ದುಡ್ಡು ಕಟ್ಟಿ ಕಳುಹಿಸಿದ್ದ ತಂದೆತಾಯಿಗಳು. ಕನ್ನಡ ಕೇಳಿ ನಾನು ಹತ್ತಿರ ಹೋದೆ. ಇಳಿಯುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ತಂಡದ ವ್ಯವಸ್ಥಾಪಕನೆಂದೇ ಭಾವಿಸಿ ಕೇಳಿದರು: "ಇದು ಯಾವ ಊರಪ್ಪಾ?" ಮರುದಿನ ನಸುಕಿನ ನಾಲ್ಕಕ್ಕೆ ಅವರನ್ನು ಎಬ್ಬಿಸಿ, ಸಾರಂಗಕೋಟ್ ಗುಡ್ಡಕ್ಕೆ ಸೂರ್ಯೋದಯ ನೋಡಲು ಒಯ್ದು, ಹಿಂದಕ್ಕೆ ತಂದು, ಉಪ್ಪಿಟ್ಟು ಕೊಟ್ಟು, ಜೀಪುಗಳಲ್ಲಿ ಮುಕ್ತಿನಾಥದ ದಾರಿ ಹಿಡಿಸಿದರು. ಬೀದಿಯಿಂದ ನೂರು ಹೆಜ್ಜೆ ದೂರದಲ್ಲಿದ್ದ ಸರೋವರದ ನೀರನ್ನು ಆ ಅಜ್ಜಿ ಮುಟ್ಟಲಿಲ್ಲ. ಆದರೂ ಪಟ್ಟಿಯಲ್ಲಿ ಪೋಖರಾದ ಎದುರಿಗೆ ಗುರುತು ಬಿದ್ದಿತು.

ಇದರಲ್ಲಿ ಸೌಂದರ್ಯದೃಷ್ಟಿಯ ಕೊರತೆಯೊಂದೇ ಇದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಪೋಖರಾ ಇರುವುದು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ, ಎಂದರೆ ಬೆಂಗಳೂರಿಗಿಂತಲೂ ಕೆಳಗೆ. ಜೋಮ್‌ಸೋಮ್ ಸುಮಾರು 2,700 ಮೀಟರ್. ಮುಕ್ತಿನಾಥ 3,700 ಮೀಟರಿಗೂ ಹೆಚ್ಚು, ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡು ಪಟ್ಟು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ವಿಶ್ರಮಿಸಬೇಕು ಎಂಬುದು ಪರ್ವತವೈದ್ಯರ ಸಾಮಾನ್ಯ ಸಲಹೆ. ಪಟ್ಟಿಯವರ ಬಳಿ ಅಷ್ಟು ದಿನಗಳೆಲ್ಲಿವೆ? ಪೋಖರಾದಿಂದ ಜೋಮ್‌ಸೋಮ್‌ಗೆ ವಿಮಾನದಲ್ಲಿ ಅರ್ಧ ಗಂಟೆಯೂ ಬೇಡ. ಬೆಳಿಗ್ಗೆ ಬಯಲಿನ ಗಾಳಿ ಕುಡಿದವರು ಮಧ್ಯಾಹ್ನದೊಳಗೆ ತೆಳುಗಾಳಿಯಲ್ಲಿ ಮೆಟ್ಟಿಲು ಹತ್ತುತ್ತಾರೆ. ತಲೆನೋವು, ವಾಕರಿಕೆ, ಏದುಸಿರು ಮೊದಲಾದರೆ "ವಯಸ್ಸಾಯಿತಲ್ಲ" ಎನ್ನುತ್ತೇವೆ. ಅದು ವಯಸ್ಸಿನ ತಪ್ಪಲ್ಲ, ಅವಸರದ ತಪ್ಪು. ಎತ್ತರದ ಕಾಯಿಲೆ ಬಿಗಡಾಯಿಸಿದರೆ ಪ್ರಾಣವನ್ನೇ ತೆಗೆಯಬಲ್ಲುದು. ತಂದೆತಾಯಿಗಳ ಪುಣ್ಯಕ್ಕೆಂದು ಟಿಕೆಟ್ ತೆಗೆಯುವ ಮಕ್ಕಳು ಈ ಲೆಕ್ಕವನ್ನೂ ಹಾಕಬೇಕು.

"ನಮ್ಮ ಹಿರಿಯರು ನಡೆದೇ ಕಾಶಿಗೆ ಹೋಗುತ್ತಿರಲಿಲ್ಲವೇ, ನಾವು ಇಷ್ಟಕ್ಕೆಲ್ಲ ಹೆದರಬೇಕೇ?" ಎನ್ನುವವರಿದ್ದಾರೆ. ಹೌದು, ಹೋಗುತ್ತಿದ್ದರು, ನಿಂತು ನಿಂತು ಹೋಗುತ್ತಿದ್ದರು. ದಾರಿಯುದ್ದಕ್ಕೂ ಛತ್ರ, ಅರವಟ್ಟಿಗೆ, ಅರಳೀಕಟ್ಟೆಗಳನ್ನು ಕಟ್ಟಿಸಿದವರು ಸೋಮಾರಿಗಳಾಗಿರಲಿಲ್ಲ. ನೇಪಾಳದ ಗುಡ್ಡದ ದಾರಿಗಳಲ್ಲಿ ಇದಕ್ಕೆ ಚೌತಾರಿ ಎನ್ನುತ್ತಾರೆ. ಅರಳಿ ಮತ್ತು ಆಲದ ಗಿಡಗಳನ್ನು ಜೊತೆಯಾಗಿ ನೆಟ್ಟು ಸುತ್ತ ಕಲ್ಲಿನ ಕಟ್ಟೆ ಕಟ್ಟುತ್ತಾರೆ. ಆ ಕಟ್ಟೆಯಲ್ಲಿ ಒಂದು ಮೆಟ್ಟಿಲಿನಂಥ ಅಂಚು ಇರುತ್ತದೆ; ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ ಡೋಕೋ ಎಂಬ ಬಿದಿರ ಬುಟ್ಟಿ ಹೊತ್ತವನು ಬಗ್ಗದೆಯೇ ಅದರ ಮೇಲೆ ಹೊರೆಯನ್ನು ಊರಿ ನಿಲ್ಲಬಹುದು. ಕಟ್ಟೆ ಸಿಗದ ಕಡೆಗಾಗಿ ಅವನ ಕೈಯಲ್ಲಿ ಟೋಕ್ಮಾ ಎಂಬ ಗಿಡ್ಡ ಕೋಲಿರುತ್ತದೆ. ಅದನ್ನು ಬುಟ್ಟಿಯ ಅಡಿಗೆ ಕೊಟ್ಟು ನಿಂತಲ್ಲೇ ದಣಿವಾರಿಸಿಕೊಳ್ಳುತ್ತಾನೆ. ನಿಲ್ಲುವುದು ನಡೆಯುವುದರದೇ ಒಂದು ಅಂಗವೆಂದು ನಿಜವಾಗಿ ಹೊರೆ ಹೊತ್ತವರಿಗೆ ಗೊತ್ತಿತ್ತು. ಮರೆತವರು, ಚಕ್ರದ ಪೆಟ್ಟಿಗೆಯನ್ನು ಹಗ್ಗ ಕಟ್ಟಿದ ಕರುವಿನಂತೆ ಎಳೆದುಕೊಂಡು ಹೋಗುವ ನಾವು.

ಪೋಖರಾದ ನೆತ್ತಿಯ ಮೇಲೆಯೇ ಇದಕ್ಕೆ ಇನ್ನೊಂದು ಸಾಕ್ಷಿಯಿದೆ. ಸರೋವರದಿಂದ ಕಾಣುವ ಮಚ್ಛಾಪುಚ್ಛ್ರೇ, ಎಂದರೆ ಮೀನಬಾಲದ ಶಿಖರ, 6,993 ಮೀಟರ್. ಅದೇ ಸಾಲಿನ ಅನ್ನಪೂರ್ಣಾ ಒಂದನೆಯ ಶಿಖರ 8,091 ಮೀಟರ್. ಅದನ್ನು 1950ರಲ್ಲಿಯೇ ಫ್ರೆಂಚರು ಏರಿದರು, ತುದಿ ಮುಟ್ಟಿದ ಇಬ್ಬರೂ ಹಿಮಕಡಿತದಿಂದ ಬೆರಳುಗಳನ್ನು ಕಳೆದುಕೊಂಡರು. ಮಚ್ಛಾಪುಚ್ಛ್ರೇಯನ್ನು 1957ರಲ್ಲಿ ಜಿಮ್ಮಿ ರಾಬರ್ಟ್ಸ್ ನೇತೃತ್ವದ ಬ್ರಿಟಿಷ್ ತಂಡ ಏರಲು ಹೊರಟಿತು; ವಿಲ್ಫ್ರಿಡ್ ನಾಯ್ಸ್ ಮತ್ತು ಡೇವಿಡ್ ಕಾಕ್ಸ್ ಶಿಖರಕ್ಕೆ ಸುಮಾರು 50 ಮೀಟರ್ ಬಾಕಿಯಿರುವಾಗ ಹಿಂದಿರುಗಿದರು. ಆಮೇಲೆ ನೇಪಾಳವು ಆ ಪವಿತ್ರ ಪರ್ವತವನ್ನು ಏರುವುದಕ್ಕೆ ಅನುಮತಿಯನ್ನೇ ನಿಲ್ಲಿಸಿತು. ಯಾರೂ 'ಕವರ್' ಮಾಡಿರದ ಆ ಶಿಖರದಿಂದ ಪೋಖರಾಕ್ಕೆ ಏನಾದರೂ ಕೊರತೆಯಾಗಿದೆಯೇ? ನವೆಂಬರಿನ ಬೆಳಗಿನಲ್ಲಿ ಮಂಜು ಸರಿದು ಅದರ ನೆರಳು ಫೇವಾದ ನೀರಿನಲ್ಲಿ ಬೀಳುವುದನ್ನು ನೋಡಿದವರಿಗೆ ಉತ್ತರ ಗೊತ್ತಿದೆ. ಮೊದಲ ಎರಡು ಬೆಳಿಗ್ಗೆ ನನಗೆ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ. ಕಂಡದ್ದು ಮೂರನೆಯ ದಿನ. ಒಂದೇ ರಾತ್ರಿ ಉಳಿಯುವವರು ಈ ಲೆಕ್ಕವನ್ನು ಗಮನಿಸಬೇಕು.

ಈಗ ನನ್ನ ನಾದಿನಿಯ ಪ್ರಶ್ನೆ. ಊರ ಕೆರೆ ಏರಿಯ ಮೇಲೆ ಕೂರಬಹುದಿತ್ತು, ನಿಜ. ಆದರೆ ಅಲ್ಲಿ ಐದು ನಿಮಿಷಕ್ಕೊಬ್ಬರು "ಮೇಷ್ಟ್ರೇ, ಆರಾಮವೇ?" ಎಂದು ಕೇಳುತ್ತಾರೆ. ಎಲ್ಲವೂ ಗೊತ್ತಿರುವ ಕಡೆ ಕಣ್ಣು ಕೆಲಸ ಮಾಡುವುದಿಲ್ಲ. ಪರವೂರಿನಲ್ಲಿ ನಾವು ಯಜಮಾನರಲ್ಲ, ಅತಿಥಿಗಳು. ಅತಿಥಿಯಾದವನಿಗೆ ನೋಡುವ, ಕೇಳುವ, ಕೇಳಿಸಿಕೊಳ್ಳುವ ಕರ್ತವ್ಯವಿದೆ. ಒಂದು ರಾತ್ರಿ ಮಲಗಿ ಎದ್ದು ಹೋಗುವವನು ಆ ಕರ್ತವ್ಯದಿಂದ ತಪ್ಪಿಸಿಕೊಳ್ಳುತ್ತಾನೆ. ನಾಲ್ಕು ದಿನಗಳಲ್ಲಿ ನನಗೆ ತಿಳಿದುಬಂದದ್ದರಲ್ಲಿ ಕೆಲವನ್ನು ಹೇಳುತ್ತೇನೆ.

ಮೊದಲ ದಿನ ಸರೋವರವೆಂದರೆ ಬಣ್ಣಬಣ್ಣದ ಮರದ ದೋಣಿಗಳು, ನಡುಗಡ್ಡೆಯ ಮೇಲೆ ತಾಲ್ ಬಾರಾಹಿ ದೇವಿಯ ಎರಡಂತಸ್ತಿನ ಗುಡಿ, ಆಚೆ ದಡದ ಕಾಡು, ಮೇಲೆ ಶಾಂತಿಸ್ತೂಪ. ಎರಡನೆಯ ದಿನ ನಸುಕಿಗೆ ಎದ್ದಾಗ ಬಲೆ ಎಳೆಯುತ್ತಿದ್ದ ಜಲಾರಿಗಳು ಕಂಡರು. ಅವರು ಈ ನೀರನ್ನೇ ನಂಬಿದ ಬೆಸ್ತರು. ತಲೆಮಾರುಗಳ ಕಾಲ ಜಮೀನಿಲ್ಲದೆ, ನೆಲೆಯಿಲ್ಲದೆ ಬದುಕಿದವರು. 1970ರ ದಶಕದಲ್ಲಿ ಸರೋವರದೊಳಗೆ ಬಲೆಯ ಪಂಜರಗಳಲ್ಲಿ ಮೀನು ಸಾಕುವ ಪದ್ಧತಿ ಇಲ್ಲಿಗೆ ಬಂದ ಮೇಲೆ ಅವರ ಬದುಕು ಒಂದಿಷ್ಟು ಹಸನಾಯಿತು. ಪ್ರವಾಸಿಗಳು ಎದ್ದು ಕಾಫಿ ಕೇಳುವ ಹೊತ್ತಿಗೆ ಆ ಹೆಂಗಸರು ಬುಟ್ಟಿಯಲ್ಲಿ ಮೀನು ಹೊತ್ತು ಹೊರಟಾಗಿರುತ್ತದೆ.

ಮೂರನೆಯ ದಿನ ನಾವಿಬ್ಬರೂ ದಡದಗುಂಟ ಪಶ್ಚಿಮಕ್ಕೆ ನಡೆದೆವು. ಹೋದಂತೆಲ್ಲ ಹೋಟೆಲುಗಳು ಕಡಿಮೆಯಾಗಿ, ಕೊನೆಗೆ ಸರೋವರವೇ ಮುಗಿದು ಗದ್ದೆ, ಜೌಗು, ಮೇಯುವ ಎಮ್ಮೆಗಳು ಎದುರಾದವು. ಹರ್ಪನ್ ಖೋಲಾ ಎಂಬ ತೊರೆ ಗುಡ್ಡಗಳ ಮಣ್ಣನ್ನು ಪ್ರತಿ ಮಳೆಗಾಲವೂ ತಂದು ಸುರಿಯುತ್ತದೆ. ಗುಡ್ಡ ಅಗೆದು ಮಾಡಿದ ಹೊಸ ರಸ್ತೆಗಳ ಮಣ್ಣೂ ಅದರೊಡನೆ ಬರುತ್ತದೆ. ಹೂಳು ನೀರನ್ನು ತಳ್ಳಿಕೊಂಡು ಮುಂದುವರಿಯುತ್ತಿದೆ. ಇನ್ನೊಂದು ತುದಿಯ ಪರ್ದಿಯಲ್ಲಿ ಕಟ್ಟೆಯಿದೆ. ಅದು 1970ರ ದಶಕದಲ್ಲಿ ಒಮ್ಮೆ ಕುಸಿದು, ನೀರೆಲ್ಲ ಹರಿದುಹೋಗಿ, 1980ರ ದಶಕದ ಆರಂಭದಲ್ಲಿ ಮತ್ತೆ ಕಟ್ಟಲಾಯಿತು. ಹಿಂದೆ ಗದ್ದೆಗಳ ಹಳ್ಳಿಯಾಗಿದ್ದ ಬೈದಾಮ್ ಈಗ 'ಲೇಕ್‌ಸೈಡ್' ಎಂಬ ಹೋಟೆಲು ಸಾಲು. ಪೋಖರಾ ಕಣಿವೆಯ ಒಂಬತ್ತು ಸರೋವರಗಳು 2016ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದವು. 2018ರಲ್ಲಿ ನೇಪಾಳದ ಸರ್ವೋಚ್ಚ ನ್ಯಾಯಾಲಯ ಫೇವಾದ ದಡದಿಂದ 65 ಮೀಟರ್ ಒಳಗಿನ ಕಟ್ಟಡಗಳನ್ನು ತೆರವುಗೊಳಿಸಬೇಕೆಂದು ತೀರ್ಪಿತ್ತಿತು. ನಾನು ಹೋದಾಗ, ಐದು ವರ್ಷ ಕಳೆದಿದ್ದರೂ, ನೀರಿನಂಚಿನಲ್ಲಿ ಕುರ್ಚಿ ಹಾಕಿ ಊಟ ಬಡಿಸುವುದು ನಡೆದೇ ಇತ್ತು.

ಅದೇ ಸಂಜೆ ದಡದ ಬೆಂಚಿನ ಮೇಲೆ ಕುಳಿತಿದ್ದಾಗ ಟಿಬೆಟಿನ ವಯಸ್ಸಾದ ಹೆಂಗಸೊಬ್ಬರು ಚೀಲದಿಂದ ಮಣಿಸರ, ಬಳೆ ತೆಗೆದು ಹರಡಿದರು. ಮೂರು ದಿನವೂ ನನ್ನನ್ನು ಅಲ್ಲೇ ಕಂಡಿದ್ದರಿಂದ ವ್ಯಾಪಾರಕ್ಕಿಂತ ಮಾತೇ ಹೆಚ್ಚು ನಡೆಯಿತು, ಹಿಂದಿಯಲ್ಲಿ. ನಾನು ಕರ್ನಾಟಕದವನೆಂದ ಕೂಡಲೇ ಅವರ ಮುಖ ಅರಳಿತು. "ಬೈಲುಕುಪ್ಪೆ!" ಎಂದರು. ಅಲ್ಲಿ ಅವರ ಅಣ್ಣನ ಮಕ್ಕಳಿದ್ದಾರಂತೆ. 1959ರ ನಂತರ ಓಡಿ ಬಂದ ಕುಟುಂಬಗಳಲ್ಲಿ ಕೆಲವು ಪೋಖರಾದ ತಾಶಿಲಿಂಗ್, ತಾಶಿ ಪಾಲ್ಖೇಲ್ ಶಿಬಿರಗಳಲ್ಲಿ ನಿಂತವು. ಇನ್ನು ಕೆಲವು, 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಕೊಟ್ಟ ಕಾಡುಭೂಮಿಯಲ್ಲಿ ಮುಸುಕಿನ ಜೋಳ ಬೆಳೆದು ಬದುಕಿದವು. 1990ರ ದಶಕದ ಮಧ್ಯಭಾಗದಿಂದ ನೇಪಾಳವು ಟಿಬೆಟಿಯನ್ನರಿಗೆ ನಿರಾಶ್ರಿತರ ಗುರುತಿನ ಚೀಟಿ ಕೊಡುವುದನ್ನೇ ನಿಲ್ಲಿಸಿತು. "ನನ್ನ ಮೊಮ್ಮಗನಿಗೆ ಯಾವ ಕಾಗದವೂ ಇಲ್ಲ. ಅವನು ಎಲ್ಲಿಗೂ ಹೋಗುವಂತಿಲ್ಲ" ಎಂದರು ಆಕೆ. ಮತದಾರರ ಚೀಟಿ ತೋರಿಸಿ ಗಡಿಯನ್ನು ನಡೆದು ದಾಟಿ ಬಂದಿದ್ದ ನನಗೆ ಹೇಳಲು ಮಾತಿರಲಿಲ್ಲ. ನಿಲ್ಲುವುದು ಕೆಲವರಿಗೆ ವಿಶ್ರಾಂತಿ, ಕೆಲವರಿಗೆ ಶಿಕ್ಷೆ ಎಂಬುದನ್ನು ನಾನು ತಿಳಿದದ್ದು ಅಲ್ಲಿ. ಪಟ್ಟಿಯ ಯಾವ ಸ್ಥಳದ ಎದುರಿಗೂ ಇದು ಬರೆದಿರಲಿಲ್ಲ.

ಹಾಗಾದರೆ ನಿಂತವರೆಲ್ಲರೂ ನೋಡುತ್ತಾರೆಯೇ ಎಂದು ನೀವು ಕೇಳಬಹುದು. ಇಲ್ಲ. ನನ್ನ ತಕರಾರು ಓಡುವವರ ಮೇಲೆ ಮಾತ್ರವಲ್ಲ. ಲೇಕ್‌ಸೈಡಿನಲ್ಲಿ ವಾರಗಟ್ಟಲೆ ಬಿದ್ದಿರುವವರೂ ಉಂಟು, ನಮ್ಮ ದೇಶದವರೂ ಸೇರಿದಂತೆ. ಬೆನ್ನಚೀಲದವರೆಂದು ಹೆಮ್ಮೆಪಟ್ಟುಕೊಳ್ಳುವ ಇವರು ಪಟ್ಟಿಯವರನ್ನು ಕಂಡು ನಗುತ್ತಾರೆ. ಆದರೆ ಅವರ ದಿನಚರಿಯಲ್ಲಿ ತಡವಾಗಿ ಏಳುವುದು, ತಮ್ಮ ಊರಿನದೇ ತಿಂಡಿ ಹುಡುಕುವುದು, ಎರಡು ಬಾಟಲಿಗೆ ಒಂದರ ಬೆಲೆ ಎಂಬ ಹಲಗೆಯ ಕೆಳಗೆ ಸಂಜೆ ಕಳೆಯುವುದು ಬಿಟ್ಟರೆ ಬೇರೆ ಇಲ್ಲ. ಮಂಚದಿಂದಲೇ ನೀರು ಕಾಣಬೇಕೆಂದು ಇವರು ಹೆಚ್ಚು ಹಣ ಕೊಡಲು ಸಿದ್ಧರಿರುವುದರಿಂದಲೇ ಆ 65 ಮೀಟರಿನೊಳಗೆ ಕಟ್ಟಡಗಳು ಎದ್ದು ನಿಲ್ಲುತ್ತವೆ. ಶಾಂತಿಯನ್ನು ಹುಡುಕಿ ಬಂದವರು ಶಾಂತಿಯ ಬುಡಕ್ಕೇ ಪಾಯ ತೋಡಿಸುತ್ತಾರೆ. ಪಟ್ಟಿಯವನು ಊರನ್ನು ನೋಡದೆ ಹೋಗುತ್ತಾನೆ. ಇವನು ನೋಡದೆ ಉಳಿಯುತ್ತಾನೆ. ಇಬ್ಬರಿಗೂ ಸರೋವರವೆಂದರೆ ತಮ್ಮ ಚಿತ್ರದ ಹಿಂದಿನ ಪರದೆ.

ಹೋಟೆಲುಗಳಿಲ್ಲದೆ ಆ ಊರಿನ ಬಡವರು ಬದುಕುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ದೋಣಿಯವನಿಗೆ, ಅಡುಗೆಯವನಿಗೆ, ನಮಗೆ ದಿನವೂ ಅಕ್ಕಿಹಿಟ್ಟಿನ ಸೇಲ್ ರೋಟಿ ಕರಿದು ಕೊಟ್ಟ ಮೂಲೆಯಂಗಡಿಯಾಕೆಗೆ ಪ್ರವಾಸಿ ಬೇಕು. ಆದರೆ ಯೋಚಿಸಿ: ಒಂದು ರಾತ್ರಿಯ ಬಸ್ಸಿನವರು, ಮುಂಗಡವಾಗಿ ಊರಿನಲ್ಲೇ ಹಣ ಕಟ್ಟಿ, ತಮ್ಮದೇ ಅಡುಗೆಯವರನ್ನು ಕರೆತಂದು ಉಪ್ಪಿಟ್ಟು ಬೇಯಿಸಿಕೊಂಡವರು, ಆಕೆಯ ಅಂಗಡಿಗೆ ಬಂದರೇ? ನಾಲ್ಕು ದಿನ ಉಳಿದು, ರಸ್ತೆಯಾಚೆಯ ಮನೆಯಲ್ಲಿ ಕೋಣೆ ಹಿಡಿದು, ಅಲ್ಲಲ್ಲಿ ಉಂಡವನ ನೂರು ರೂಪಾಯಿ ಎಷ್ಟು ಕೈಗಳಿಗೆ ತಲುಪಿತು? ನಿಂತು ಹೋಗುವವನಿಂದಲೇ ಊರಿಗೆ ಲಾಭ ಹೆಚ್ಚು.

ಇನ್ನು ರಜೆಯ ಮಾತು. "ನೀವು ನಿವೃತ್ತರು ಸಾರ್, ನಮಗೆ ವರ್ಷಕ್ಕೆ ಸಿಗುವುದೇ ಹತ್ತು ದಿನ" ಎಂದು ನಿಮ್ಮಲ್ಲಿ ಹಲವರು ಈಗಾಗಲೇ ಗೊಣಗಿರಬೇಕು. ಹತ್ತೇ ದಿನವಾದ್ದರಿಂದಲೇ ಹೇಳುತ್ತಿದ್ದೇನೆ. ಕಡಿಮೆ ಹಣವಿದ್ದವನು ಸಂತೆಯಲ್ಲಿ ಪ್ರತಿ ಅಂಗಡಿಗೂ ಒಂದೊಂದು ಪೈಸೆ ಎಸೆದು ಬರುವುದಿಲ್ಲ. ಬೇಕಾದ್ದನ್ನು ಒಂದು ಕಡೆ ನಿಂತು ಆರಿಸುತ್ತಾನೆ. ಹತ್ತು ದಿನಗಳಲ್ಲಿ ಏಳು ದೇಶ ಸುತ್ತಿ ಬಂದ ನಿಮ್ಮ ಸಹಪಾಠಿಯೊಬ್ಬನನ್ನು, ಯಾವ ಊರಿನಲ್ಲಿ ಯಾರೊಡನೆ ಮಾತನಾಡಿದೆ ಎಂದು ಕೇಳಿದೆ. ತುಂಬ ಹೊತ್ತು ಯೋಚಿಸಿ, "ಬಸ್ಸಿನ ಡ್ರೈವರ್ ಹತ್ತಿರ ಸಾರ್" ಎಂದ. ಅವನ ಪ್ರಾಮಾಣಿಕತೆ ನನಗೆ ಇಷ್ಟವಾಯಿತು.

'ದೇಶ ಸುತ್ತು, ಕೋಶ ಓದು' ಎಂಬ ಗಾದೆಯನ್ನು ನನ್ನ ಮುಂದೆ ಹಿಡಿಯಬೇಡಿ. ಹಾಳೆ ಮಗುಚುವುದನ್ನು ಯಾರೂ ಓದು ಎನ್ನುವುದಿಲ್ಲ. ಹಾಗೆಯೇ ಗಾಲಿ ಉರುಳುವುದನ್ನು ಸುತ್ತಾಟವೆನ್ನಲು ಬಾರದು.

ಆದ್ದರಿಂದ ನನ್ನ ಬೇಡಿಕೆಗಳು ಸರಳ. ಮುಂದಿನ ಬಾರಿ ತಂದೆತಾಯಿಗಳನ್ನು ಕಳುಹಿಸುವಾಗ ಪಟ್ಟಿಯನ್ನು ಕೈಗೆತ್ತಿಕೊಂಡು ಮೂರು ಸ್ಥಳಗಳ ಮೇಲೆ ಗೀಟು ಹಾಕಿ. ಎತ್ತರದ ಯಾತ್ರೆಯಾದರೆ ನಡುವೆ ವಿಶ್ರಾಂತಿಯ ದಿನಗಳಿವೆಯೇ ಎಂದು ವ್ಯವಸ್ಥಾಪಕರನ್ನು ಜಗಳವಾಡಿಯಾದರೂ ಕೇಳಿ. ನೀವೇ ಹೋದಾಗ ಒಂದು ಊರಿನಲ್ಲಾದರೂ ಮೂರು ಹಗಲು ಏನನ್ನೂ ಗೊತ್ತುಮಾಡಿಕೊಳ್ಳದೆ ಉಳಿಯಿರಿ. ಕೋಣೆ ಹಿಡಿಯುವಾಗ ಕಿಟಕಿಯಿಂದ ನೀರು ಕಾಣುವುದೇ ಎಂದು ಕೇಳುವ ಬದಲು ಕಟ್ಟಡ ನೀರಿನಿಂದ ಎಷ್ಟು ದೂರವಿದೆ ಎಂದು ಕೇಳಿ. ನೀರನ್ನು ನಡೆದು ಹೋಗಿ ನೋಡಿದರೆ ಕಾಲು ಸವೆಯುವುದಿಲ್ಲ. ಹಿಂದಿರುಗಿದವರನ್ನು "ಏನೇನು ಕವರ್ ಮಾಡಿದಿರಿ?" ಎಂದು ಕೇಳುವುದನ್ನು ನಮ್ಮ ಕುಟುಂಬದಲ್ಲಿ, ನಮ್ಮ ಶಾಲೆಯ ಬಳಗದಲ್ಲಿ ಇಂದಿಗೇ ನಿಲ್ಲಿಸೋಣ. "ಎಲ್ಲಿ ನಿಂತಿದ್ದಿರಿ, ಯಾರು ಸಿಕ್ಕಿದ್ದರು?" ಎಂದು ಕೇಳೋಣ. ಉತ್ತರವಿಲ್ಲದಿದ್ದರೆ ಪ್ರವಾಸ ಇನ್ನೂ ಬಾಕಿಯಿದೆ ಎಂದು ತಿಳಿಯೋಣ.

ಬ್ಯಾಂಕಿನ ಅಧಿಕಾರಿಗೆ ಪ್ರತ್ಯೇಕವಾಗಿ ಒಂದು ಮಾತು: ಮುಕ್ತಿನಾಥ ಎಲ್ಲಿಗೂ ಓಡಿಹೋಗುವುದಿಲ್ಲಪ್ಪಾ. ಫೇವಾದ ವಿಷಯದಲ್ಲಿ ಆ ಭರವಸೆ ಕೊಡಲಾರೆ.

ನಿಮ್ಮ ಭಿನ್ನಾಭಿಪ್ರಾಯಗಳಿಗೆ ಸ್ವಾಗತ. ಎಂದಿನಂತೆ, ಕಾಗುಣಿತ ಸರಿಯಿದ್ದರೆ ಮಾತ್ರ ಉತ್ತರಿಸುತ್ತೇನೆ.